ಹೋದ ವರ್ಷದ ಗ್ಯಾಸ್ ಎಲ್ಲಿ ಹೋಯಿತು?

‘ಹೋದ ವರ್ಸ ಹಾಕಿಸಿದ ಗ್ಯಾಸ್ ಎಲ್ಲಿ ಹೋತ್ರಿ ಸರ್?’

ಬಾನೆಟ್ ಎತ್ತಿದ ಮಿಸ್ತ್ರಿ ಒಳಗೆ ಕೈ ಹಾಕುವ ಮೊದಲೇ ಕೇಳಿದ ಪ್ರಶ್ನೆ ಇದು. ನನ್ನಲ್ಲಿ ಉತ್ತರ ಇರಲಿಲ್ಲ. ಮಹಾಗಾಂವದಿಂದ ಕಲಬುರಗಿಗೆ ವಾರಕ್ಕೆ ಎರಡು ಮೂರು ಸಲ ಓಡಾಡುವ ನಮ್ಮ ಕಾರಿಗೆ ಹದಿನೈದು ವರ್ಷ ದಾಟಿದೆ. ಮಾರ್ಚ್‌ನಲ್ಲಿ ಶರಣಬಸವೇಶ್ವರ ಜಾತ್ರೆ ಮುಗಿಯುತ್ತಲೇ ಗ್ಯಾರೇಜಿಗೆ ಹೋಗಿ ಎಸಿಗೆ ಗ್ಯಾಸ್ ತುಂಬಿಸುವುದು ಮೂರು ವರ್ಷದಿಂದ ವಾಡಿಕೆಯೇ ಆಗಿತ್ತು. ಆ ಬೇಸಿಗೆ ಹೇಗೋ ಕಳೆಯುತ್ತಿತ್ತು. ಮರುವರ್ಷ ಸ್ವಿಚ್ ಒತ್ತಿದರೆ ಮತ್ತೆ ಬಿಸಿಗಾಳಿ. ಪೆಟ್ರೋಲ್ ಖಾಲಿಯಾಗುವ ಹಾಗೆ ಎಸಿಯ ಗ್ಯಾಸೂ ಖರ್ಚಾಗುತ್ತದೆ ಎಂದೇ ನಾನು ತಿಳಿದಿದ್ದೆ. ಹಳೆಯ ಕಾರು ಇಟ್ಟುಕೊಂಡ ನಮ್ಮ ಕಡೆಯ ಬಹಳ ಮಂದಿ ಈಗಲೂ ಹಾಗೇ ತಿಳಿದಿದ್ದಾರೆ.

ಎಸಿಯ ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಅದು ಉರಿಯುವುದಿಲ್ಲ, ಸವೆಯುವುದಿಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಒಂದೇ ವರ್ಷದಲ್ಲಿ ಅದು ಬರಿದಾಯಿತೆಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಹುಡುಕದೆ ಗ್ಯಾಸ್ ತುಂಬುವುದು ಒಡಕು ಕೊಡಕ್ಕೆ ನೀರು ಹೊತ್ತ ಹಾಗೆ. ಇದನ್ನು ಅರಿಯಲು ನನಗೆ ಮೂರು ಬೇಸಿಗೆ ಬೇಕಾಯಿತು. ಓದುಗರಿಗೆ ಅಷ್ಟು ಹೊತ್ತು ಹಿಡಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಈ ಸೀಮೆಯಲ್ಲಿ ಕಾರಿನ ಎಸಿ ಷೋಕಿಯ ಮಾತಲ್ಲ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲು 42, 43 ಡಿಗ್ರಿಗೆ ಏರುವ ದಿನಗಳವು. ಮಹಾಗಾಂವ ಕಲಬುರಗಿ–ಹುಮನಾಬಾದ್ ಹೆದ್ದಾರಿಯ ಊರು. ಇತ್ತ ಕಲಬುರಗಿ, ಅತ್ತ ಕೆಂಪು ಬಾಳೆಹಣ್ಣಿನ ಕಮಲಾಪುರ. ದೊಡ್ಡಾಸ್ಪತ್ರೆ ಎಂದರೆ ಎರಡೂ ಊರಿನವರಿಗೆ ಕಲಬುರಗಿಯೇ. ಹೋದ ವರ್ಷ ಏಪ್ರಿಲ್‌ನಲ್ಲಿ ಅವ್ವನ ಕಣ್ಣು ತೋರಿಸಿಕೊಂಡು ಮಧ್ಯಾಹ್ನ ಎರಡರ ಹೊತ್ತಿಗೆ ವಾಪಸಾಗುವಾಗ, ಹಿಂದಿನ ಸೀಟಿನಿಂದ ಆಕೆ, ‘ತಮ್ಮಾ, ಆ ಎಸಿ ಬಂದ್ ಮಾಡಿ ಕಿಡಕಿ ತೆಗಿ, ಉಸುರು ಕಟ್ಟಲತ್ಯಾದ’ ಎಂದಳು. ಕಿಟಕಿ ಇಳಿಸಿದರೆ ಒಳಗೆ ಬಂದದ್ದು ಒಲೆಯ ಮುಂದಿನ ಝಳ. ಎಪ್ಪತ್ತು ದಾಟಿದ ದೇಹಕ್ಕೆ ಅಂಥ ಒಂದು ಗಂಟೆಯ ಪ್ರಯಾಣ ಎಷ್ಟು ಭಾರ ಎಂಬುದು ಕನ್ನಡಿಯಲ್ಲಿ ಆಕೆಯ ಮುಖ ನೋಡಿದಾಗ ತಿಳಿಯಿತು. ಎಸಿ ಷೋಕಿಯಲ್ಲ ಎಂಬುದು ಸರ್ಕಾರಕ್ಕೂ ಅರಿವಾಗಿದೆ: 2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್ ಮೀರಿದ ಲಾರಿಗಳ ಚಾಲಕರ ಕ್ಯಾಬಿನ್‌ಗೆ ಎಸಿ ಕಡ್ಡಾಯ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ತಡವಾಗಿ ಬಂದರೂ ನ್ಯಾಯವಾದ ನಿಯಮ.

ಎಸಿ ಕೆಲಸ ಮಾಡುವ ಬಗೆಯನ್ನು ನಮ್ಮ ಮನೆಯ ಮಣ್ಣಿನ ಹರವಿಯಿಂದಲೇ ಹೇಳಬಹುದು. ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ, ಒಳಗೆ ತಂಪು ಉಳಿಯುತ್ತದೆ. ಎಸಿಯಲ್ಲೂ ಅದೇ ನಡೆಯುತ್ತದೆ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ದ್ರವ ಆವಿಯಾಗಿ ಕಾರಿನೊಳಗಿನ ಶಾಖ ಹೀರುತ್ತದೆ. ಹರವಿಯ ಆವಿ ಗಾಳಿಗೆ ಸೇರಿ ಹೋಗುವುದರಿಂದ ದಿನಾ ನೀರು ತುಂಬಬೇಕು. ಇಲ್ಲಿ ಆ ಆವಿಯನ್ನು ಕಂಪ್ರೆಸರ್ ಹಿಡಿದು ಒತ್ತುತ್ತದೆ. ಒತ್ತಿದಾಗ ಅದು ಕಾಯುತ್ತದೆ. ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ನಲ್ಲಿ ಆ ಶಾಖ ಹೊರಗಿನ ಗಾಳಿಗೆ ಹೋಗಿ ಗ್ಯಾಸ್ ಮತ್ತೆ ದ್ರವವಾಗುತ್ತದೆ. ಡ್ರೈಯರ್ ಎಂಬ ಪುಟ್ಟ ಡಬ್ಬಿಯಲ್ಲಿ ತೇವ ಕಳೆದುಕೊಂಡು, ಎಕ್ಸ್‌ಪಾನ್ಷನ್ ವಾಲ್ವ್‌ನ ಸೂಜಿಗಣ್ಣಿನಂಥ ದಾರಿಯಲ್ಲಿ ನುಗ್ಗಿ, ಒತ್ತಡ ಕಳೆದುಕೊಂಡು ಮತ್ತೆ ಕಾಯಿಲ್‌ಗೆ ಬರುತ್ತದೆ. ಒಳಗಿನ ಶಾಖವನ್ನು ಹೊರಗೆ ಹೊತ್ತು ಹಾಕುವ ಹಮಾಲಿ ಕೆಲಸ ಇದು. ಹೊರಗೇ 43 ಡಿಗ್ರಿ ಇದ್ದರೆ ಹೊತ್ತ ಶಾಖ ಇಳಿಸಲು ಜಾಗ ಸಿಗುವುದು ಕಷ್ಟ. ಬೆಂಗಳೂರಿನಲ್ಲಿ ಹೇಗೋ ನಡೆಯುವ ಹಳೆಯ ಎಸಿ ಕಲಬುರಗಿಯಲ್ಲಿ ಸೋಲುವುದು ಇಲ್ಲೇ.

ಹಾಗಾಗಿ ‘ತಂಪಿಲ್ಲ’ ಎಂದಷ್ಟೇ ಮಿಸ್ತ್ರಿಗೆ ಹೇಳಿದರೆ ಸಾಲದು. ಜ್ವರ ಬಂದಿದೆ ಎಂದರೆ ವೈದ್ಯರು ಯಾವಾಗ, ಎಷ್ಟು ಹೊತ್ತು ಎಂದು ಕೇಳುವುದಿಲ್ಲವೇ? ಯಾವಾಗ ತಂಪಿಲ್ಲ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ.

ಮಹಾಗಾಂವ ಕ್ರಾಸ್ ಬಿಟ್ಟು ಹೆದ್ದಾರಿಯಲ್ಲಿ ಓಡುವಾಗ ತಂಪು ಬರುತ್ತಿದ್ದು, ಕಲಬುರಗಿಯ ಹುಮನಾಬಾದ್ ರಿಂಗ್ ರಸ್ತೆಯ ಸಿಗ್ನಲ್‌ನಲ್ಲಿ ನಿಂತ ಕೂಡಲೇ ಬಿಸಿಯಾಗುತ್ತದೆ ಎನ್ನೋಣ. ಆಗ ಮೊದಲು ನೋಡಬೇಕಾದದ್ದು ಕಂಡೆನ್ಸರ್‌ನ ಫ್ಯಾನ್. ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ. ನಿಂತಾಗ ಆ ಭಾರವೆಲ್ಲ ಫ್ಯಾನಿನ ಮೇಲೆ. ಫ್ಯಾನ್ ತಿರುಗದಿದ್ದರೆ ಅಥವಾ ಮೋಟಾರ್ ಸವೆದು ಬಳಲಿ ತಿರುಗುತ್ತಿದ್ದರೆ ಶಾಖ ಹೊರಹೋಗದು. ಒಂದು ಫ್ಯೂಸ್, ಒಂದು ರಿಲೇ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಗ್ಯಾಸ್ ತುಂಬಿಸಿಕೊಂಡು ಬಂದವರಿದ್ದಾರೆ.

ಬೆಳಿಗ್ಗೆ ಚೆನ್ನಾಗಿದ್ದು, ಎಂಜಿನ್ ಕಾದು ಮಧ್ಯಾಹ್ನವಾದಂತೆ ತಂಪು ಏಕಾಏಕಿ ನಿಂತುಹೋಗುತ್ತಿದ್ದರೆ ಕಂಪ್ರೆಸರ್ ಕ್ಲಚ್ ಕಡೆ ನೋಡಬೇಕು. ಎಸಿ ಸ್ವಿಚ್ ಒತ್ತಿದಾಗ ಬಾನೆಟ್ ಒಳಗಿನಿಂದ ‘ಟಕ್’ ಎಂದು ಕೇಳುವುದು ಅದರದೇ ಸದ್ದು. ಅದೊಂದು ವಿದ್ಯುತ್ ಅಯಸ್ಕಾಂತ. ಅರ್ಧ ಮಿಲಿಮೀಟರ್ ಆಸುಪಾಸಿನ ಸಂದಿಯನ್ನು ದಾಟಿ ತಟ್ಟೆಯನ್ನು ಎಳೆದು ಹಿಡಿಯಬೇಕು. ವರ್ಷಗಟ್ಟಲೆ ಸವೆದು ಸಂದಿ ಹಿಗ್ಗಿರುತ್ತದೆ. ಸುರುಳಿ ಕಾದಾಗ ಅದರಲ್ಲಿ ಹರಿಯುವ ಕರೆಂಟ್ ತಗ್ಗುತ್ತದೆ, ಅಯಸ್ಕಾಂತದ ಹಿಡಿತ ಸಡಿಲುತ್ತದೆ, ತಟ್ಟೆ ಬಿಟ್ಟುಕೊಳ್ಳುತ್ತದೆ. ಎಷ್ಟೋ ಕಂಪ್ರೆಸರ್‌ಗಳಲ್ಲಿ ತಟ್ಟೆಯ ಹಿಂದಿನ ತೆಳು ವಾಷರ್ ಒಂದನ್ನು ತೆಗೆದರೆ ಸಂದಿ ಸರಿಹೋಗುತ್ತದೆ. ಇಷ್ಟಕ್ಕೇ ಹೊಸ ಕಂಪ್ರೆಸರ್ ಬೇಕೆಂದು ಯಾರಾದರೂ ಹೇಳಿದರೆ ಇನ್ನೊಬ್ಬರನ್ನು ಕೇಳುವುದು ಒಳ್ಳೆಯದು.

ಇನ್ನೊಂದು ಬಗೆ ದೂರದ ಪ್ರಯಾಣದಲ್ಲಿ ಕಾಣಿಸುತ್ತದೆ. ಹೊರಟ ಒಂದು ಗಂಟೆ ಒಳ್ಳೆಯ ತಂಪು. ಆಮೇಲೆ ಬ್ಲೋವರ್ ಸದ್ದು ಮಾಡುತ್ತಿದ್ದರೂ ಗಾಳಿಯೇ ಬರುವುದಿಲ್ಲ. ಎಸಿ ನಿಲ್ಲಿಸಿ ಹದಿನೈದು ನಿಮಿಷ ಬಿಟ್ಟರೆ ಮತ್ತೆ ಸರಿ. ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿಯ ದಾರಿ ಮುಚ್ಚಿರುತ್ತದೆ. ಕಾಯಿಲ್ ಶೂನ್ಯಕ್ಕೆ ಇಳಿಯುವ ಮೊದಲೇ ಕಂಪ್ರೆಸರ್ ನಿಲ್ಲಿಸಬೇಕಾದ ಸೆನ್ಸರ್ ಕೆಟ್ಟಿರಬಹುದು, ಇಲ್ಲವೇ ಧೂಳು ಹಿಡಿದು ಗಾಳಿ ಕಡಿಮೆಯಾಗಿರಬಹುದು. ನಮ್ಮ ಕಡೆ ಎರಡನೆಯದನ್ನು ಮೊದಲು ನೋಡಬೇಕು. ಹಳೆಯ ಸಣ್ಣ ಕಾರುಗಳಲ್ಲಿ ಕ್ಯಾಬಿನ್ ಫಿಲ್ಟರ್ ಇಲ್ಲದವೇ ಹೆಚ್ಚು. ಎರೆಮಣ್ಣಿನ ಧೂಳು, ತೊಗರಿ ರಾಶಿಯ ಹೊಟ್ಟು ನೇರವಾಗಿ ಒದ್ದೆ ಕಾಯಿಲ್ ಮೇಲೆ ಕೂತು ಕಂಬಳಿಯಂತೆ ಹೆಪ್ಪುಗಟ್ಟುತ್ತವೆ. ಅದೇ ಕೆಸರು ನೀರು ಹೊರಹೋಗುವ ಪೈಪನ್ನೂ ಕಟ್ಟಿದರೆ ಮುಂದಿನ ಸೀಟಿನವರ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತದೆ. ಇದಕ್ಕೂ ಗ್ಯಾಸಿಗೂ ಸಂಬಂಧವಿಲ್ಲ.

ಬಾನೆಟ್ ಒಳಗಿನ ಎಸಿ ಪೈಪುಗಳು ಇರಬೇಕಾದಂತೆಯೇ ಇದ್ದು, ಒಳಗೆ ಮಾತ್ರ ಬೆಚ್ಚಗಿನ ಗಾಳಿ ಬಂದರೆ ಹೀಟರ್ ಕೇಬಲ್ ನೋಡಿಸಿ. ಹಳೆಯ ಕಾರಿನಲ್ಲಿ ಅದು ಪೂರ್ತಿ ಮುಚ್ಚದೆ ಎಂಜಿನ್ನಿನ ಬಿಸಿ ಒಳಗೆ ಬರುತ್ತಿರುತ್ತದೆ. ಪೈಪು ಮುಟ್ಟಿ ನೋಡುವಾಗ ಒಂದು ಎಚ್ಚರ: ದಪ್ಪ ಪೈಪು ತಣ್ಣಗಿರಬೇಕು, ತೆಳು ಪೈಪು ಕೈ ಸುಡುವಷ್ಟು ಬಿಸಿಯಾಗಿರಬಹುದು. ದಪ್ಪ ಪೈಪು ಬೆವರಿಲ್ಲವೆಂದರೆ ಗ್ಯಾಸ್ ಕಡಿಮೆ ಎಂದು ಕೆಲವರು ಹೇಳುತ್ತಾರೆ. ಕರಾವಳಿಯಲ್ಲಿ ಆ ಮಾತು ಒಂದಿಷ್ಟು ಸರಿ ಇರಬಹುದು. ಏಪ್ರಿಲ್‌ನ ಒಣಹವೆಯಲ್ಲಿ ನಮ್ಮಲ್ಲಿ ಬೆವರು ಕಡಿಮೆಯೇ ಬರುತ್ತದೆ. ತಂಪು ನೋಡಬೇಕು, ಬೆವರನ್ನಲ್ಲ.

ನಮ್ಮ ಕಾರಿನದು ಇವು ಯಾವುವೂ ಆಗಿರಲಿಲ್ಲ. ಕ್ಲಚ್ ಕೂರುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಗಾಳಿ ರಭಸವಾಗಿತ್ತು. ತಂಪು ಮಾತ್ರ ಇಲ್ಲ. ಮಿಸ್ತ್ರಿ ಎಂಜಿನ್ ಬಂದ್ ಮಾಡಿಸಿ, ಒತ್ತಡ ಅಳೆಯುವ ಜೋಡಿ ಗೇಜಿನ ನೀಲಿ ಪೈಪು ತಗ್ಗಿನ ಒತ್ತಡದ ಕಡೆ, ಕೆಂಪು ಪೈಪು ಹೆಚ್ಚಿನ ಒತ್ತಡದ ಕಡೆ ಕೂರಿಸಿದರು. ಗೇಜಿನ ಎರಡೂ ಮುಳ್ಳು 70 ಪಿಎಸ್‌ಐನಲ್ಲಿ ನಿಂತವು. ಆ ಹೊತ್ತಿಗೆ ನೆರಳಲ್ಲೂ 38 ಡಿಗ್ರಿ. ಈಗಿನ ಬಹುಪಾಲು ಹಳೆಯ ಕಾರುಗಳಲ್ಲಿರುವ ಆರ್-134ಎ ಗ್ಯಾಸ್ ಒಳಗೆ ದ್ರವರೂಪದಲ್ಲಿ ಸ್ವಲ್ಪವಾದರೂ ಉಳಿದಿದ್ದರೆ ಆ ಶಾಖದಲ್ಲಿ ಮುಳ್ಳು ಸುಮಾರು 125 ಪಿಎಸ್‌ಐ ತೋರಿಸಬೇಕು. 70 ಎಂದರೆ ದ್ರವ ಪೂರ್ತಿ ಹೋಗಿದೆ, ಬರೀ ಆವಿ ಉಳಿದಿದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಗ್ಯಾರೇಜಿನವರಲ್ಲೂ ಕೆಲವರು ಗಮನಿಸದ್ದು. ನಿಂತ ಕಾರಿನ ಮುಳ್ಳು 125 ತೋರಿಸಿತೆಂದರೆ ಒಳಗೆ ಒಂದಿಷ್ಟು ದ್ರವ ಇದೆ ಎಂದಷ್ಟೇ ಅರ್ಥ. ಎಷ್ಟಿದೆ ಎಂದು ಅದು ಹೇಳದು. ಅಡುಗೆ ಸಿಲಿಂಡರ್ ತುಂಬಿದ್ದಾಗಲೂ ಮುಗಿಯುತ್ತ ಬಂದಾಗಲೂ ಒಲೆಯ ಉರಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದಲ್ಲ, ಹಾಗೆ. ಮುಳ್ಳು ನೋಡಿ ಅಂದಾಜಿಗೆ ತುಂಬಿದರೆ ಹೆಚ್ಚಾಗಲೂಬಹುದು. ಹೆಚ್ಚಾದರೂ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರ್ ತಿಣುಕುತ್ತದೆ. ಬಾನೆಟ್ ಒಳಗಿನ ಚೀಟಿಯಲ್ಲಿ ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಸಣ್ಣ ಕಾರುಗಳಿಗೆ ಅದು ಸಾಮಾನ್ಯವಾಗಿ ಅರ್ಧ ಕಿಲೋ ಒಳಗೇ. ಅಷ್ಟನ್ನು ತೂಗಿಯೇ ಹಾಕಬೇಕು.

‘ಎಲ್ಲಿ ಎಣ್ಣಿ ಬರ್ತದ, ಅಲ್ಲೇ ಧೂಳ ಕೂಡ್ತದ್ರಿ. ಧೂಳೇ ನಮಗ ಜಾಗಾ ತೋರಸ್ತದ’ ಎನ್ನುತ್ತ ಮಿಸ್ತ್ರಿ ಟಾರ್ಚ್ ಹಿಡಿದು ಒಂದೊಂದೇ ಜಾಯಿಂಟ್ ನೋಡತೊಡಗಿದರು. ಕಂಪ್ರೆಸರ್‌ನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ. ಗ್ಯಾಸ್ ಸೋರುವಲ್ಲಿ ಎಣ್ಣೆಯೂ ಜಿನುಗುತ್ತದೆ, ಎಣ್ಣೆಗೆ ರಸ್ತೆಯ ಧೂಳು ಅಂಟುತ್ತದೆ. ಕಂಡೆನ್ಸರ್‌ನ ಬಲಬದಿಯಲ್ಲಿ ಪೈಪು ಸೇರುವ ಜಾಯಿಂಟ್‌ನಲ್ಲಿ ಎಂಟಾಣೆ ಅಗಲದ ಕಪ್ಪು ಕಲೆ. ಪಕ್ಕದ ಜಾಯಿಂಟ್ ಒಣಗಿ ಬೂದುಬಣ್ಣಕ್ಕಿತ್ತು. ಇದು ಮಾತ್ರ ಜಿಡ್ಡು. ಉಳಿದಿದ್ದ ಗ್ಯಾಸನ್ನು ಯಂತ್ರಕ್ಕೆ ಎಳೆದುಕೊಂಡು, ನೈಟ್ರೋಜನ್ ತುಂಬಿ, ಸೋಪಿನ ನೊರೆ ಹಚ್ಚಿದರು. ಮೊದಲ ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಸಾಸಿವೆಯಷ್ಟು ಗುಳ್ಳೆಯೊಂದು ಎದ್ದು ನಿಧಾನಕ್ಕೆ ಊದಿತು, ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು. ಮೂರು ಬೇಸಿಗೆಯ ಗ್ಯಾಸ್ ಆ ಸಾಸಿವೆಕಾಳಿನ ದಾರಿಯಲ್ಲೇ ಹೋಗಿತ್ತು.

ಜಾಯಿಂಟ್ ಬಿಚ್ಚಿದಾಗ ಸಿಕ್ಕಿದ್ದು ಚಪ್ಪಟೆಯಾಗಿ, ಉಗುರಿನಿಂದ ಒತ್ತಿದರೆ ಬಿರುಕು ಬಿಡುತ್ತಿದ್ದ ರಬ್ಬರ್ ಉಂಗುರ. ಓ-ರಿಂಗ್ ಎನ್ನುತ್ತಾರೆ. ಹೊಸದರ ಬೆಲೆ ಒಂದು ಪ್ಲೇಟ್ ಮಿರ್ಚಿ ಭಜಿಗಿಂತ ಕಡಿಮೆ. ಈ ಗ್ಯಾಸಿಗೆಂದೇ ಮಾಡಿದ ಹಸಿರು ಉಂಗುರವನ್ನು ಎಣ್ಣೆಯಲ್ಲಿ ಅದ್ದಿ ಕೂರಿಸಿದರು. ಎಲ್ಲರ ಅದೃಷ್ಟವೂ ಹೀಗಿರುವುದಿಲ್ಲ ಎಂಬುದನ್ನೂ ಹೇಳಬೇಕು. ಕಲ್ಲು ಬಡಿದು ಕಂಡೆನ್ಸರ್ ತೂತಾಗಿದ್ದರೆ ಖರ್ಚು ಹೆಚ್ಚು. ಡ್ಯಾಶ್‌ಬೋರ್ಡ್ ಒಳಗಿನ ಕಾಯಿಲ್ ಕೊರೆದುಹೋಗಿದ್ದರೆ ಒಂದು ದಿನದ ಕೆಲಸ. ಗ್ಯಾಸ್ ತುಂಬುವ ಬಾಯಿಯ ಮುಚ್ಚಳ ಕಳೆದುಹೋಗಿ, ಒಳಗಿನ ಪಿನ್ನಿಗೆ ಧೂಳು ಕೂತು ಸೋರುವುದೂ ಉಂಟು. ನಿಮ್ಮ ಕಾರಿನಲ್ಲಿ ಆ ಎರಡು ಪುಟ್ಟ ಮುಚ್ಚಳಗಳಿವೆಯೇ ಎಂದು ಇವತ್ತೇ ನೋಡಿಕೊಳ್ಳಬಹುದು. ಕಂಪ್ರೆಸರ್ ಶಾಫ್ಟಿನ ಸೀಲ್ ಒಣಗದಂತೆ ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ ಓಡಿಸುವುದು ಒಳ್ಳೆಯದು.

ಉಂಗುರ ಹಾಕಿದ ಮೇಲೂ ಮಿಸ್ತ್ರಿ ಗ್ಯಾಸ್ ಮುಟ್ಟಲಿಲ್ಲ. ವ್ಯಾಕ್ಯೂಮ್ ಪಂಪ್ ಹಚ್ಚಿ ಮುಕ್ಕಾಲು ಗಂಟೆ ಬಿಟ್ಟರು. ಹಿಂದಿನ ಮೂರು ವರ್ಷ ಈ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತಿತ್ತು, ಒಂದು ಸಲವಂತೂ ಆಗಲೇ ಇಲ್ಲ. ಪೈಪಿನೊಳಗಿನ ಗಾಳಿ ತೆಗೆಯಲಷ್ಟೇ ಇದು ಎಂದುಕೊಂಡಿದ್ದೆ. ಮುಖ್ಯವಾಗಿ ತೆಗೆಯಬೇಕಾದದ್ದು ತೇವ. ಗಾಳಿಯ ಒತ್ತಡ ಇಳಿಸುತ್ತ ಹೋದರೆ ನೀರು 100 ಡಿಗ್ರಿಯಲ್ಲಲ್ಲ, 30 ಡಿಗ್ರಿಯಲ್ಲೇ ಕುದಿಯುತ್ತದೆ. ಒಳಗಿನ ತೇವ ಹೀಗೆ ಕುದ್ದು ಆವಿಯಾಗಿ ಹೊರಬರಲು ಹೊತ್ತು ಬೇಕು. ಉಳಿದುಬಿಟ್ಟರೆ ವಾಲ್ವ್‌ನ ಸೂಜಿಗಣ್ಣಿನಲ್ಲಿ ಮಂಜಾಗಿ ದಾರಿ ಕಟ್ಟುತ್ತದೆ. ಎಣ್ಣೆ, ಗ್ಯಾಸಿನೊಡನೆ ಸೇರಿ ಆಮ್ಲವಾಗಿ ಲೋಹ ತಿನ್ನುತ್ತದೆ. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಅಲ್ಲೇ ನಿಲ್ಲುತ್ತದೆಯೇ ಎಂದು ಇನ್ನಷ್ಟು ಹೊತ್ತು ಕಾದರು. ನಿಂತಿತು. ಆಮೇಲಷ್ಟೇ ಸಿಲಿಂಡರನ್ನು ತಕ್ಕಡಿ ಮೇಲಿಟ್ಟು ಗ್ಯಾಸ್ ಬಿಟ್ಟರು.

ಎಂಜಿನ್ ಚಾಲೂ ಮಾಡಿದಾಗ ನೀಲಿ ಮುಳ್ಳು 40ರ ಹತ್ತಿರ, ಕೆಂಪು ಮುಳ್ಳು 320 ದಾಟಿ ಏರುತ್ತಿತ್ತು. ಅಂಥ ಬಿಸಿಲಿಗೂ ಇದು ಹೆಚ್ಚೇ. ಮಿಸ್ತ್ರಿ ಬಕೆಟ್‌ನಿಂದ ಒಂದು ಮಗ್ ನೀರು ತೆಗೆದು ಕಂಡೆನ್ಸರ್ ಮೇಲೆ ಸುರಿದರು. ಬುಸ್ಸೆಂದು ಆವಿ ಎದ್ದಿತು. ಕೆಂಪು ಮುಳ್ಳು ನೋಡನೋಡುತ್ತ 250ಕ್ಕೆ ಇಳಿಯಿತು. ಕಂಡೆನ್ಸರ್ ತನ್ನಷ್ಟಕ್ಕೆ ಶಾಖ ಬಿಡಲಾರದೆ ನಿಂತಿದೆ ಎಂದಾಯಿತು. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಬೆರಳಗಲದ ಸಂದಿಯಲ್ಲಿ ವರ್ಷಗಳ ಎರೆಮಣ್ಣು, ಹೊಟ್ಟು, ಹುಳುಗಳ ರೆಕ್ಕೆ ಗೋಡೆಯ ಹಾಗೆ ಕೂತಿತ್ತು. ರಭಸದ ನೀರು ಬಿಟ್ಟರೆ ತೆಳು ರೆಕ್ಕೆಗಳು ಮಡಚಿಹೋಗುತ್ತವೆ. ಸಾದಾ ನಳದ ನೀರನ್ನು ಒಳಗಿನಿಂದ ಹೊರಕ್ಕೆ ಬಿಟ್ಟು ತೊಳೆದರು. ಕೆಂಪು ಮುಳ್ಳು 240ರಲ್ಲಿ, ನೀಲಿ 30ರಲ್ಲಿ ಬಂದು ನಿಂತವು. ಈ ಗ್ಯಾಸಿಗೆ 30 ಪಿಎಸ್‌ಐ ಎಂದರೆ ಕಾಯಿಲ್ ಒಳಗೆ ಶೂನ್ಯಕ್ಕಿಂತ ಒಂದೆರಡು ಡಿಗ್ರಿ ಮೇಲೆ. ಇರಬೇಕಾದದ್ದೇ ಅಲ್ಲಿ.

ಸೋರಿಹೋದ ಗ್ಯಾಸ್ ನಮ್ಮ ಜೇಬಿನಿಂದ ಹೋದದ್ದಷ್ಟೇ ಅಲ್ಲ. ಹಿಂದಿನ ಕಾರುಗಳಲ್ಲಿದ್ದ ಆರ್-12 ಗ್ಯಾಸ್ ಓಝೋನ್ ಪದರವನ್ನು ತಿನ್ನುತ್ತದೆ ಎಂದು ಮೊಲೀನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಅದು ಹಿಂದೆ ಸರಿಯಿತು. ಅವರಿಬ್ಬರಿಗೂ 1995ರಲ್ಲಿ ನೊಬೆಲ್ ಬಂತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನ್‌ಗೆ ಕೇಡು ಮಾಡದು, ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಜೋರು. ಲೆಕ್ಕ ಹಾಕಿ ನೋಡಿದೆ: ಒಂದು ಸಣ್ಣ ಕಾರಿನ 450 ಗ್ರಾಂ ಗ್ಯಾಸ್ ಸೋರಿದರೆ ಸುಮಾರು 270 ಲೀಟರ್ ಪೆಟ್ರೋಲ್ ಸುಟ್ಟಷ್ಟು ಹೊರೆ. ಅಷ್ಟು ಪೆಟ್ರೋಲ್‌ನಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ಮೂರು ಸಲ ಹೋಗಿ ಬರಬಹುದು. 2016ರ ಕಿಗಾಲಿ ತಿದ್ದುಪಡಿಯಂತೆ ಈ ಬಗೆಯ ಗ್ಯಾಸುಗಳ ಬಳಕೆಯನ್ನು ಭಾರತ 2028ರಲ್ಲಿ ಹೆಚ್ಚದಂತೆ ಹಿಡಿದು ನಿಲ್ಲಿಸಿ, 2032ರಿಂದ ಹಂತಹಂತವಾಗಿ ಇಳಿಸಬೇಕು. 43 ಡಿಗ್ರಿಯಲ್ಲಿ ಬೇಯುವ ನಾವೇ ಆ ಬಿಸಿಗೆ ಇನ್ನಷ್ಟು ಸೌದೆ ಹಾಕುವುದು ಬೇಡ.

ಗ್ಯಾಸ್ ಅಗ್ಗಕ್ಕೆ ಸಿಕ್ಕಿತೆಂದು ಗುರುತಿಲ್ಲದ ಸಿಲಿಂಡರಿನದನ್ನು ಹಾಕಿಸಬೇಡಿ. 2011ರಲ್ಲಿ ಹಡಗಿನ ಶೀತಲ ಕಂಟೇನರ್‌ಗಳಿಗೆ ತುಂಬಿದ್ದ ಕಲಬೆರಕೆ ಗ್ಯಾಸ್ ಅಲ್ಯೂಮಿನಿಯಂ ಜೊತೆ ಸೇರಿ ಸ್ಫೋಟಿಸಿ ಕೆಲಸಗಾರರು ಸತ್ತರು. ಮನೆಯಲ್ಲೇ ಪೈಪು ಬಿಚ್ಚುವ ಸಾಹಸವೂ ಬೇಡ. ಹೊರಚಿಮ್ಮುವ ದ್ರವ ಮೈನಸ್ 26 ಡಿಗ್ರಿಯಲ್ಲಿ ಕುದಿಯುವಂಥದ್ದು, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ನೋಡುವುದು, ಕೇಳುವುದು, ಮಿಸ್ತ್ರಿಗೆ ಸರಿಯಾಗಿ ಹೇಳುವುದು ನಮ್ಮ ಕೆಲಸ. ಬಿಚ್ಚುವುದು ಅವರದು.

ಅವ್ವನ ಕಣ್ಣಿಗೆ ಈ ಏಪ್ರಿಲ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮಧ್ಯಾಹ್ನವೇ ವಾಪಸು ಬಂದೆವು. ಬಿಸಿಲಲ್ಲಿ ನಿಂತಿದ್ದ ಕಾರಿನ ಕಿಟಕಿಗಳನ್ನು ಎರಡು ನಿಮಿಷ ತೆರೆದಿಟ್ಟು ಕಾದ ಗಾಳಿ ಹೊರಗೆ ಹಾಕಿ, ಆಮೇಲೆ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವಂತೆ ಲಿವರ್ ಸರಿಸಿದೆ. ಊರು ಬರುವಷ್ಟರಲ್ಲಿ ಆಕೆಗೆ ನಿದ್ದೆ ಹತ್ತಿತ್ತು. ಒಂದು ವರ್ಷವಾಯಿತು, ಗ್ಯಾಸ್ ಹಾಕಿಸಿಲ್ಲ.

ನಿಮ್ಮ ಕಾರಿನ ಎಸಿಯೂ ಬಿಸಿಗಾಳಿ ಊದುತ್ತಿದ್ದರೆ ಗ್ಯಾರೇಜಿನಲ್ಲಿ ‘ಗ್ಯಾಸ್ ಹಾಕಿ’ ಎನ್ನಬೇಡಿ. ‘ಎಲ್ಲಿ ಸೋರಲತ್ಯಾದ ಮೊದಲು ನೋಡ್ರಿ’ ಎನ್ನಿ. ಗ್ಯಾಸ್ ಹಾಕುವುದೇ ಆದರೆ ತೂಗಿ ಹಾಕಲಿ. ಎಷ್ಟು ಗ್ರಾಂ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.